ಅಗ್ಗಣಿಯ ಬಾವಿ

"ಶಿವನೇ, ಇದ್ಯಾತರ ನಾತ?"

ಗುರುಬಸಮ್ಮ ಕೇಳಿದ್ದು ಯಾರನ್ನೂ ಅಲ್ಲ. ಅಷ್ಟು ಬೆಳಗ್ಗೆ ಬಾವಿಕಟ್ಟೆಯಲ್ಲಿ ಬೇರೆ ಯಾರೂ ಇರಲಿಲ್ಲ. ಸೇದಿದ ಕೊಡದ ನೀರಿನ ಮೇಲೆ ಎಣ್ಣೆಯ ಪೊರೆಯೊಂದು ನವಿಲುಗರಿಯ ಬಣ್ಣ ತಳೆದು ತೇಲುತ್ತಿತ್ತು. ಬದನವಾಳಿನ ದಾರಿಯ ಆ ಊರಿನಲ್ಲಿ ನಂಜುಂಡೇಶ್ವರನ ಮಜ್ಜನಕ್ಕೆ ಅಗ್ಗಣಿ, ಎಂದರೆ ದಿನದ ಮೊದಲ ಕೊಡ, ಆ ಬಾವಿಯದೇ ಆಗಬೇಕು. ಹೊತ್ತೊಯ್ಯುವುದು ಗುರುಬಸಮ್ಮನ ಮನೆಯವರೇ. ಅಗ್ಗಣಿ ಗುಡಿ ಸೇರುವವರೆಗೆ ಊರಿನವರು ಯಾರೂ ಹಗ್ಗ ಇಳಿಸುವಂತಿಲ್ಲ. ಆಕೆ ಆ ಕೊಡ ಚೆಲ್ಲಿ ಇನ್ನೊಂದು ಸೇದಿದಳು. ಅದರಲ್ಲೂ ಅದೇ ಬಣ್ಣ. ಚೆಲ್ಲಿದ ನೀರಿಗೆ ಬಾಯಿ ಹಾಕಲು ಬಂದ ಅವಳ ಕರು ಮೂಸಿ ನೋಡಿ, ಸೀನಿ, ಹಿಂದೆ ಸರಿಯಿತು.

ಕರುವಿಗೆ ತಿಳಿದದ್ದು ಊರಿಗೆ ತಿಳಿಯಲಿಲ್ಲ. ಯುವಕ ಸಂಘದ ಮಧುಕುಮಾರ್ ಬಂದು, ನೀರಿನ ಮೇಲಿನ ಪೊರೆಯಲ್ಲಿ ಬಟ್ಟೆ ಅದ್ದಿ ಕಡ್ಡಿ ಗೀರಿದ. ಬಟ್ಟೆ ಹೊಗೆಯಾಡಿ ಭಗ್ಗನೆ ಹತ್ತಿಕೊಂಡಿತು. ಬಿಸಿಲು ಬಲಿಯುವುದರೊಳಗೆ ತಮ್ಮೂರ ಅಡಿಯಲ್ಲಿ ದೇಶದ ಪೆಟ್ರೋಲಿಯಂ ಇದೆಯೆಂದು ಊರಿಗೆ ಊರೇ ನಂಬಿತ್ತು.

"ಬಾಂಬೆ ಸಮುದ್ರದಲ್ಲಿ ತೆಗೀತಾರಲ್ಲ, ಅದೇ ಪದರ ಕಣ್ರಪ್ಪ. ನೆಲದಡೀಲೇ ಅರ್ಕೊಂಡು ಇಲ್ಲೀಗಂಟ ಬಂದದೆ."

"ಅಲ್ಲಿ ಕರೀ ಎಣ್ಣೆ ಬತ್ತದಂತೆ. ಅದ ಕಾಯಿಸಿ ಸೋಸಬೇಕಂತೆ. ಇದು ನೋಡು, ಸೋಸ್ಕೊಂಡೇ ಬಂದದೆ!"

"ದೇವ್ರ ಬಾವಿ ಅಲ್ವೇನ್ಲಾ? ಅವನು ಕೊಳೆ ಕೊಡ್ತಾನಾ?"

ಈ ಮಾತಿಗೆ ಇಬ್ಬರು ಮುದುಕರು ಕೈ ಮುಗಿದರು. ಇನ್ನು ದುಬೈನವರು ನಮ್ಮೂರಿಗೇ ಕೂಲಿಗೆ ಬರುತ್ತಾರೆ ಎಂದು ಒಬ್ಬ ಹೇಳಿದ. ಬರಲಿ, ಅವರಿಗೂ ರಾಗಿಮುದ್ದೆ ನುಂಗುವುದು ಕಲಿಸೋಣ ಎಂದ ಇನ್ನೊಬ್ಬ. ತನ್ನ ಹಿತ್ತಲನ್ನೂ ಅಗೆಯಲು ಹಾರೆ ತರುತ್ತೇನೆಂದು ಮೂರನೆಯವನು ಆಗಲೇ ಹೊರಟಿದ್ದ.

ಅಮೃತೇಶ್ ಬಂದದ್ದು ಆಮೇಲೆ. ಬಾವಿಯ ಮೇಲ್ಗಡೆ, ರಸ್ತೆಯ ಅಂಚಿನ ಪೆಟ್ರೋಲ್ ಬಂಕ್ ಅವನದು. ಡೀಸೆಲ್ ಟ್ಯಾಂಕನ್ನು ಹೂತಿರುವುದೂ ಆ ಇಳಿಜಾರಿನಲ್ಲೇ. ಇತ್ತೀಚೆಗೆ ಡೀಸೆಲ್ ಲೆಕ್ಕಕ್ಕಿಂತ ಕಡಿಮೆ ಬರುತ್ತಿದೆಯೆಂದು ಕೂಗಾಡಿ, ಪೈಪು ಹಿಡಿಯುತ್ತಿದ್ದ ಚಿಕ್ಕಸ್ವಾಮಿಯನ್ನು ಕಳ್ಳನೆಂದು ಕೆಲಸದಿಂದ ಓಡಿಸಿದ್ದ. ಅಮೃತೇಶ್ ಬಾವಿಗೆ ಬಗ್ಗಿ ನೋಡಿದ. ಮುಖ ಬಿಳಿಚಿಕೊಂಡಿತು. ಸುತ್ತ ನಿಂತವರ ಮುಖಗಳನ್ನು ನೋಡಿದ ಮೇಲೆ ಮೆಲ್ಲಗೆ ಬಣ್ಣ ಮರಳಿತು. ಇಷ್ಟು ಜನ ಇಷ್ಟು ಸುಲಭವಾಗಿ ನಂಬಿರುವುದನ್ನು ಕೆಡಿಸಲು ಅವನಿಗೆ ಮನಸ್ಸಾಗಲಿಲ್ಲ.

"ದೇಶ ಹೊರಗಡೆಯಿಂದ ಎಣ್ಣೆ ತರಿಸಿ ತರಿಸಿ ಸೋತೋಗದೆ ಕಣ್ರಪ್ಪ," ಎಂದು ಕಟ್ಟೆ ಹತ್ತಿ ನಿಂತ. "ಇನ್ಮೇಲೆ ಇದು ಬಾವಿ ಅಲ್ಲ, ದೇಶದ ಸಂಪತ್ತು! ಟಿವಿಯೋರು ನಂಜನಗೂಡು ಬುಟ್ಟವ್ರೆ."

ಜನ ಚಪ್ಪಾಳೆ ತಟ್ಟಿದರು. ಹಿಂದಿನಿಂದ ಚಿಕ್ಕಸ್ವಾಮಿ ಕೂಗಿದ:

"ಸಾ, ನಾ ಕದ್ದ ಡೀಸೆಲ್ ಸಿಕ್ತಲ್ಲ ಬುಡಿ!"

"ಬಾಯ್ ಮುಚ್ಕೊಂಡು ನಿಂತ್ಕೊಳ್ಲಾ, ದೇಶದ ವಿಚಾರ ಮಾತಾಡ್ತಿರೋವಾಗ," ಎಂದು ಮಧುಕುಮಾರ್ ಗದರಿದ. ನಕ್ಕವನು ಚಿಕ್ಕಸ್ವಾಮಿಯೊಬ್ಬನೇ.

ಗುರುಬಸಮ್ಮ ಮಾತ್ರ ಖಾಲಿ ಕೊಡ ಹಿಡಿದು ಅಲ್ಲೇ ನಿಂತಿದ್ದಳು. ಅಮೃತೇಶ್ ಕೆಳಗಿಳಿದು, ಅವಳ ಪಕ್ಕಕ್ಕೆ ಬಂದು ದನಿ ತಗ್ಗಿಸಿದ.

"ಅವ್ವ, ಅಗ್ಗಣಿ ಯಾಕೆ ಇನ್ನೂ ಓಗಿಲ್ಲ? ಸೇದು. ಇವತ್ತು ಈ ನೀರಲ್ಲೇ ಮಜ್ಜನ ಆಗ್ಲಿ."

"ಟ್ಯಾಂಕು ಸೋರ್ತಾ ಅದೆ ಕಣಪ್ಪ. ಅದ ಕೀಳಿಸು. ಬಾವಿ ನೀರೆಲ್ಲ ಬಳಿಸಿ ಚೆಲ್ಲಿಸು. ಆಮೇಲೆ ಸೇದ್ತೀನಿ. ನನ್ನ ಕರ ಬೆಳಗಿಂದ ನೀರು ಮುಟ್ಟಿಲ್ಲ."

"ಟ್ಯಾಂಕು ಕೀಳಿಸುದ್ರೆ ಬಂಕೇ ಮುಚ್ಚಿಸ್ತಾರೆ. ದೇವ್ರು ಒಪ್ಕೊಂಡ ಅಂದ್ರೆ ಊರೂ ಒಪ್ಕೊತದೆ, ಆಮೇಲೆ ಯಾವನೂ ಟ್ಯಾಂಕಿನ ಕಡೆ ತಿರುಗಿ ನೋಡಕ್ಕಿಲ್ಲ. ನಿನ್ನ ಕೈಯಿಂದ್ಲೇ ಓಗ್ಬೇಕು. ಬೇರೆಯೋರು ಒಯ್ದರೆ ಗುಡಿ ಐನೋರು ಇಸ್ಕೊಳ್ಳಕ್ಕಿಲ್ಲ."

"ಊರು ಕುಡಿಯೋದು ಏನ?"

"ಟ್ಯಾಂಕರಲ್ಲಿ ತರ್ಸಿ ಕೊಡ್ತೀನಿ."

"ಎಷ್ಟು ದಿವ್ಸ?"

ಅಮೃತೇಶ್ ಟಿವಿಯವರು ಬಂದರೇ ಎಂದು ರಸ್ತೆಯ ಕಡೆ ತಿರುಗಿ ನೋಡಿದ. ಅಷ್ಟರಲ್ಲಿ ಮಧುಕುಮಾರ್ ಮೊಬೈಲ್ ಎತ್ತಿ ಹಿಡಿದು, "ಅವ್ವ, ಒಸಿ ನಗು, ವಿಡಿಯೋ ಓಡ್ತಾ ಅದೆ," ಎಂದ. ಹಾರೆ ತರಲು ಹೋದವನೂ ಬಂದು ಸೇರಿಕೊಂಡ. ಅಗ್ಗಣಿಗಾಗಿ ಗುಡಿಯ ಗಂಟೆ ಎರಡನೆಯ ಸಲ ಮೊಳಗಿತು. "ಸೇದವ್ವ, ಟಿವಿಯೋರು ಬರೋ ಒತ್ತಾಯ್ತು," ಎಂದು ಸುತ್ತಲೂ ಗದ್ದಲ ಎದ್ದಿತು. ಅವಳ ಮನೆಯಿಂದಲೇ ನೀರು ಇಸಿದುಕೊಂಡು ಕುಡಿದವರು, ಅವಳ ಕೈಯಲ್ಲಿ ಮಕ್ಕಳಿಗೆ ವಿಭೂತಿ ಇಡಿಸಿಕೊಂಡವರು, ಎಲ್ಲರೂ ಕೂಗುತ್ತಿದ್ದರು.

ಅಮೃತೇಶ್ ಈಗ ಎಲ್ಲರಿಗೂ ಕೇಳುವಂತೆ ನಕ್ಕ. "ಯಾಕವ್ವ ಎದರ್ಕೊತೀಯ? ಅವನೇನು ಸಾಮಾನ್ಯದೋನಾ? ನಂಜುಂಡ! ಆಲಾಹಲ ಕುಡುದು ಅರಗಿಸ್ಕೊಂಡೋನು. ಅವನಿಗೆ ಒಂದು ಕೊಡ ಡೀಸೆಲ್ಲು..."

ಅಲ್ಲಿಗೆ ಅವನ ಬಾಯಿ ನಿಂತಿತು. ಆದರೆ ಯಾರಿಗೂ ಆ ಮಾತು ತಟ್ಟಿದಂತೆ ಕಾಣಲಿಲ್ಲ. ಮಧುಕುಮಾರನಂತೂ "ನಂಜುಂಡೇಶ್ವರನಿಗೆ ಜೈ" ಎಂದ. ಎಲ್ಲರೂ ಜೈ ಎಂದರು.

ಗುರುಬಸಮ್ಮ ಕೊಡವನ್ನು ಬಾವಿಕಟ್ಟೆಯ ಮೇಲೆ ಬೋರಲು ಹಾಕಿದಳು. ಹಗ್ಗವನ್ನು ಸುತ್ತಿ ಹೆಗಲಿಗೇರಿಸಿಕೊಂಡಳು.

"ಅವನು ಕುಡುದದ್ದು ಲೋಕ ಉಳೀಲಿ ಅಂತ ಕಣಪ್ಪ, ನಿನ್ನ ಬಂಕು ಉಳೀಲಿ ಅಂತಲ್ಲ. ಸೇದಕ್ಕಿಲ್ಲ, ಓಗು."