ಎರಡೇ ಗಂಟೆ ದಾರಿ

ಟ್ಯಾಕ್ಸಿ ಬಂದು ನಿಂತಾಗ ಮಗುವಿನ ಎಡಗಾಲಿನ ಶೂ ಕಾಣಿಸಲಿಲ್ಲ. ತಾಯಿ ಅದನ್ನು ಹುಡುಕಲೂ ಇಲ್ಲ. ಯಾರನ್ನು ಕಳಿಸಲು ಮನಸ್ಸಿಲ್ಲವೋ ಅವರ ಒಂದು ಚಪ್ಪಲಿಯನ್ನು ಬಚ್ಚಿಡುವುದು ಅತ್ತೆಯ ಹಳೆಯ ಚಾಳಿ. ಗಂಡ ಬದುಕಿದ್ದಾಗ ಎಷ್ಟೋ ಸಲ ಒಂದೇ ಶೂ ಹಾಕಿಕೊಂಡು ಕುಂಟುತ್ತಾ ಅಡುಗೆಮನೆಗೆ ಬಂದು, "ಆಫೀಸಿಗೆ ಹೊತ್ತಾಯ್ತು, ಕೊಡಮ್ಮಾ" ಎಂದು ಗೋಗರೆದಿದ್ದ.

ಭಾವ ಹಜಾರದಲ್ಲಿ ಫೋನ್ ಹಿಡಿದು ಕೂತಿದ್ದರು. ಅವರದು ಲಾರಿ ಬಾಡಿಗೆಯ ವ್ಯಾಪಾರ. ಬಾಡಿಗೆ ಏರಿಸಬೇಕಾದಾಗ ಕಿಲೋಮೀಟರ್ ಹೇಳುತ್ತಾರೆ. ಗಿರಾಕಿ ಹಿಂಜರಿದರೆ ಗಂಟೆ ಹೇಳುತ್ತಾರೆ. ಅವಳನ್ನು ಕಂಡು ಫೋನ್ ಕೆಳಗಿಟ್ಟರು.

"ಸಾವಿರದ ನಾನೂರು ಕಿಲೋಮೀಟರ್! ಹುಡುಗಾಟನಾ? ಗುರುತು ಪರಿಚಯ ಇಲ್ಲದ ಊರು. ಏನಾದ್ರೂ ಹೆಚ್ಚುಕಮ್ಮಿ ಆದ್ರೆ ನಾವು ಬಂದು ಮುಟ್ಟೋದು ಯಾವಾಗ?"

"ಆಸ್ಪತ್ರೆಯವರಿಗೆ ಬರ್ತೀನಿ ಅಂದಾಗಿದೆ ಭಾವ. ನಾಡಿದ್ದು ಲ್ಯಾಬ್‌ನಲ್ಲಿ ಕೆಲಸಕ್ಕೆ ಸೇರ್ಬೇಕು."

ಅವಳ ದನಿಯಲ್ಲಿ ಏರಿಳಿತವಿರಲಿಲ್ಲ. ಗಂಡ ಹೋದಂದಿನಿಂದ ಅದು ಹಾಗೇ ಇತ್ತು. ಮನೆಯವರು ಅದನ್ನು ಒಪ್ಪಿಗೆ ಎಂದುಕೊಳ್ಳುವುದನ್ನು ರೂಢಿ ಮಾಡಿಕೊಂಡಿದ್ದರು.

ಭಾವ ಮೆತ್ತಗಾದರು. "ಸರಿ, ಹೋಗು. ನಿನ್ನ ಓದು ಯಾಕೆ ಹಾಳಾಗ್ಬೇಕು? ಆದ್ರೆ ಮಗು ಇಲ್ಲೇ ಇರ್ಲಿ. ನನ್ನ ತಮ್ಮನ ಕುಡಿ, ನಮ್ಮ ಕಣ್ಣೆದುರಿಗೆ ಬೆಳೀಲಿ. ನೋಡ್ಬೇಕು ಅನ್ನಿಸಿದಾಗ ವಿಮಾನ ಹತ್ತು. ಎರಡೇ ಗಂಟೆ! ಅಲ್ಲಿ ಕಾಫಿ ಕುಡಿದು ಹೊರಟ್ರೆ, ಬಾಯಲ್ಲಿನ ರುಚಿ ಆರೋದ್ರೊಳಗೆ ಇಲ್ಲಿರ್ತೀಯ."

ಅವಳು ಮಗುವಿನ ಬಲಗಾಲಿನ ಲೇಸ್ ಕಟ್ಟಿ ಮುಗಿಸಿದಳು.

"ನಾನು ಹೋಗೋಕೆ ಸಾವಿರದ ನಾನೂರು ಕಿಲೋಮೀಟರ್. ಮಗೂನ ಬಿಟ್ಟು ಹೋಗೋಕೆ ಎರಡು ಗಂಟೆ. ನಾನೇನು ನಿಮ್ಮ ಗಿರಾಕಿನಾ ಭಾವ?"

ಹೊರಗೆ ಟ್ಯಾಕ್ಸಿಯವನು ಹಾರ್ನ್ ಹೊಡೆದ.

ಒಂದು ಕೈಯಲ್ಲಿ ಪೆಟ್ಟಿಗೆ, ಸೊಂಟದ ಮೇಲೆ ಮಗಳು. ಬಾಗಿಲಿಗೆ ಅತ್ತೆ ಅಡ್ಡ ನಿಂತಿದ್ದರು, ಎರಡೂ ಕೈ ಬೆನ್ನ ಹಿಂದೆ.

"ಒಂಟಿ ಶೂನಲ್ಲಿ ಕರ್ಕೊಂಡು ಹೋಗ್ತೀಯೇನೇ? ನೋಡಿದವರು ಏನಂದಾರು?"

"ಅನ್ನಲಿ. ಅವಳನ್ನ ನಡೆಸ್ತಿಲ್ಲ, ಎತ್ಕೊಂಡಿದ್ದೀನಲ್ಲ."

ಅತ್ತೆ ಕದಲಲಿಲ್ಲ. ಅವಳೂ ಕದಲಲಿಲ್ಲ. ನಡುವೆ ಮಗು ಬರಿಗಾಲನ್ನು ಅಜ್ಜಿಯ ಹೊಟ್ಟೆಗೆ ಒತ್ತಿ ಕಿಲಕಿಲ ನಕ್ಕಿತು. ಅತ್ತೆಯ ಮುಖ ಒಮ್ಮೆಲೇ ಕುಸಿಯಿತು. ಪಕ್ಕಕ್ಕೆ ಸರಿದು, ಬೆನ್ನ ಹಿಂದಿನಿಂದ ಕೆಂಪು ಲೇಸಿನ ಆ ಪುಟ್ಟ ಶೂ ತೆಗೆದು ಚಾಚಿದರು.

ಅವಳು ಪೆಟ್ಟಿಗೆ ಕೆಳಗಿಟ್ಟಳು. ಅತ್ತೆಯ ಬೆರಳುಗಳನ್ನು ಒಂದೊಂದಾಗಿ ಮಡಚಿ ಶೂವಿನ ಮೇಲೆ ಮುಚ್ಚಿದಳು.

"ನಿಮ್ಮ ಹತ್ರಾನೇ ಇರ್ಲಿ. ನೀವೇ ತಂದ್ಕೊಡಿ ಅತ್ತೆ. ಎರಡೇ ಗಂಟೆಯಂತೆ."