ಇಪ್ಪತ್ತೇಳನೆಯ ಸೀಸೆ

ಎದೆಯ ಗಂಟಿನ ತುಣುಕಿನ ಮೇಲೂ ಇಪ್ಪತ್ತೇಳು, ರಕ್ತದ ಸೀಸೆಯ ಮೇಲೂ ಇಪ್ಪತ್ತೇಳು; ಆದರೆ ಎರಡರ ಜೀನುಗಳನ್ನೂ ಓದಿದ ಕಂಪ್ಯೂಟರು, ಇವು ಇಬ್ಬರು ಹೆಂಗಸರವು ಎಂದಿತು. ಹೆಬ್ಬಾಳದ ಪ್ರಯೋಗಾಲಯದಲ್ಲಿ ನಂದಿತಾ ಮೂರು ಸಲ ಓದಿಸಿದಳು. ಮೂರು ಸಲವೂ ಅದೇ ಮಾತು.

ಸ್ತನ ಕ್ಯಾನ್ಸರಿನಲ್ಲಿ ಹಲವು ಬಗೆ. ಯಾವ ಬಗೆಗೆ ಯಾವ ಗುರುತು ಎಂದು ಜೀನುಗಳಲ್ಲಿ ಹುಡುಕುವುದು ಅವಳ ಕೆಲಸ. ಗಂಟಿನ ಓದಿನಿಂದ ಅದೇ ರೋಗಿಯ ರಕ್ತದ ಓದನ್ನು ಕಳೆದರೆ, ಉಳಿಯುವುದು ರೋಗ ತಂದದ್ದು. ಬೇರೆಯವರ ರಕ್ತವನ್ನು ಕಳೆದರೆ ಉಳಿಯುವುದು ಬರೀ ಗೊಂದಲ.

"ಟ್ಯೂಬ್ ಅದಲುಬದಲಾಗಿದೆ. ಬಿಸಾಕಿ ಮುಂದಕ್ಕೆ ಹೋಗಮ್ಮ," ಎಂದರು ಹಿರಿಯ ವಿಜ್ಞಾನಿ ಶಿವರಾಮ್.

"ಹೆಂಗೆ ಬಿಸಾಕೋದು ಸರ್? ಈ ರಕ್ತದಲ್ಲಿ ಹುಟ್ಟಿನಿಂದ್ಲೇ ಬಂದಿರೋ, ಕ್ಯಾನ್ಸರ್ ತರೋ ಕೆಟ್ಟ ಜೀನ್ ಇದೆ. ನಮ್ಮ ಯಾವ ರೋಗಿಗೂ ಇದು ಹೊಂದ್ತಿಲ್ಲ. ಯಾರೋ ಒಬ್ರು ಆರಾಮಾಗಿ ಓಡಾಡ್ಕೊಂಡಿದಾರೆ. ಈಗಿಂದ್ಲೇ ತಪಾಸಣೆ ಮಾಡಿಸ್ತಾ ಇದ್ರೆ ಬಚಾವು. ಅವರ್ಯಾರು ಅಂತಾನೇ ಗೊತ್ತಿಲ್ವಲ್ಲ!"

ಆಸ್ಪತ್ರೆಯ ಅನುಮತಿ ಪಡೆದು, ನರ್ಸ್ ಸಬೀರಾಳನ್ನು ಜೊತೆಗೆ ಕರೆದುಕೊಂಡು, ನಂದಿತಾ ಜಕ್ಕೂರಿನ ಹಳೆಯ ಊರಿಗೆ ಹೋದಳು. ಇಪ್ಪತ್ತೇಳನೆಯ ರೋಗಿ ಗೋಪಾಲಮ್ಮ ಜಗಲಿಯಲ್ಲಿ ಓರಗಿತ್ತಿ ಶಶಿರೇಖಾಳೊಂದಿಗೆ ಕೂತು ಅವರೆಕಾಳು ಹಿತುಕುತ್ತಿದ್ದಳು. ಉದುರಿದ್ದ ಕೂದಲು ಮತ್ತೆ ಚಿಗುರುತ್ತಿತ್ತು. ಬಂದವರಿಗೆ ಶಶಿರೇಖಾ ಕೊಟ್ಟದ್ದು ಕಾಫಿಯೆಂದು ಕೆಲವರು, ಮಜ್ಜಿಗೆಯೆಂದು ಕೆಲವರು ಹೇಳುತ್ತಾರೆ; ಲೋಟ ತುಂಬಿ ತುಳುಕುತ್ತಿತ್ತು ಎಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ.

"ಆಸ್ಪತ್ರೆಯಲ್ಲಿ ಆವತ್ತು ನಿಮ್ಮ ರಕ್ತ ತಗೊಂಡ್ರಲ್ಲ, ನೆನಪಿದೆಯಾ?" ಎಂದು ನಂದಿತಾ ಕೇಳಿದಳು.

ಗೋಪಾಲಮ್ಮ ಓರಗಿತ್ತಿಯ ಮುಖ ನೋಡಿದಳು. ಓರಗಿತ್ತಿ ಆಕಾಶ ನೋಡಿದಳು. ಅಲ್ಲಿ ಫ್ಲೈಯಿಂಗ್ ಕ್ಲಬ್ಬಿನ ಪುಟ್ಟ ವಿಮಾನವೊಂದು ಸುತ್ತು ಹೊಡೆಯುತ್ತಿತ್ತು.

"ಯೋಳೇ! ಬಾಯಿ ಬಿದ್ದೋಯ್ತಾ?" ಎಂದಳು ಗೋಪಾಲಮ್ಮ.

"ಅಕ್ಕಂಗೆ ಎದ್ದು ನಿಲ್ಲಕ್ಕೂ ಆಗ್ತಿರ್ಲಿಲ್ಲ ಕಣಮ್ಮ," ಎಂದಳು ಶಶಿರೇಖಾ. "ಅಕ್ಕನ ಎಸರು ಕರೆದ್ರು, ನಾನೇ ಎದ್ದೋದೆ. ಇಬ್ರದೂ ಬಿ ಪಾಸಿಟಿವ್ವೇ. ಸುಮ್ಸುಮ್ನೆ ಕೊಟ್ಟಿಲ್ಲ, ಚೀಟಿ ನೋಡಿ ಗಟ್ಟಿ ಮಾಡ್ಕೊಂಡೇ ಕೊಟ್ಟಿದ್ದು!"

ಸಬೀರಾ ಸೆರಗು ಬಾಯಿಗೆ ಒತ್ತಿಕೊಂಡಳು. ನಂದಿತಾ ಮಾತ್ರ ನಗಲಿಲ್ಲ. "ನಿಮ್ಮ ಹತ್ರ ಒಂದು ವಿಷಯ ಮಾತಾಡ್ಬೇಕು. ಇವರ ಮುಂದೆ ಹೇಳ್ಬಹುದಾ?"

"ಅಕ್ಕಂಗೆ ಗೊತ್ತಿಲ್ದಿರೋದು ನನ್ನತ್ರ ಏನೈತೆ?"

"ನಿಮ್ಮ ತವರಲ್ಲಿ ಯಾರಿಗಾದ್ರೂ ಎದೆಯಲ್ಲಿ ಗಂಟು ಆಗಿತ್ತಾ?"

ಕಾಳು ಹಿತುಕುತ್ತಿದ್ದ ಬೆರಳುಗಳು ನಿಂತವು. "ನಮ್ಮವ್ವಂಗೆ. ಚಿಕ್ಕವ್ವಂಗೂ." ಇಷ್ಟು ವರ್ಷ ಒಂದೇ ಒಲೆಯ ಮುಂದೆ ಕೂತಿದ್ದರೂ ಗೋಪಾಲಮ್ಮನಿಗೆ ಇದು ತಿಳಿದಿರಲಿಲ್ಲ.

ನಂದಿತಾ ಬಿಡಿಸಿ ಹೇಳಿದಳು. ಶಶಿರೇಖಾಳಿಗೆ ರೋಗ ಬಂದಿದೆ ಎಂದಲ್ಲ, ಬರುವ ಸಂಭವ ಹೆಚ್ಚು. ಹೊಸದಾಗಿ ರಕ್ತ ತೆಗೆದು ಖಚಿತಪಡಿಸಿಕೊಳ್ಳಬೇಕು. ವರ್ಷವರ್ಷವೂ ತಪಾಸಣೆ ತಪ್ಪಿಸಬಾರದು. ಗೋಪಾಲಮ್ಮನ ರಕ್ತವೂ ಬೇಕು, ಅದು ಇನ್ನೂ ಪ್ರಯೋಗಾಲಯಕ್ಕೆ ಬಂದೇ ಇಲ್ಲ. ಗುಂಪು ಒಂದೇ ಆದ ಮಾತ್ರಕ್ಕೆ ಒಬ್ಬರ ರಕ್ತ ಇನ್ನೊಬ್ಬರದಾಗುವುದಿಲ್ಲ. ಓರಗಿತ್ತಿಯರಿಬ್ಬರೂ ಅರ್ಥವಾಯಿತೆಂದು ತಲೆಯಾಡಿಸಿದರು.

ಸಬೀರಾ ಎರಡು ಸೀಸೆಗಳ ಮೇಲೆ ಎರಡು ಹೆಸರು ಬರೆದು ಸೂಜಿ ಬಿಚ್ಚಿದಳು. ಮುಂದೆ ಬಂದ ಶಶಿರೇಖಾ ಕಣ್ಣು ಮುಚ್ಚಿಕೊಂಡು ಕೈ ಒಡ್ಡಿದಳು. ಗೋಪಾಲಮ್ಮ ಅದನ್ನು ಮೆಲ್ಲಗೆ ಹಿಂದಕ್ಕೆ ಸರಿಸಿ, ಬಳೆ ಮೇಲೇರಿಸಿ, ತನ್ನ ಕೈ ಚಾಚಿದಳು.

"ಮೊದ್ಲು ನಂದು ತಗೊಳ್ಳವ್ವ. ಇವಳ್ದು ಏನಾರಾ ಕಮ್ಮಿ ಬಿದ್ರೆ, ಅದಕ್ಕೂ ನಂದನ್ನೇ ತುಂಬ್ಕೊ."