ಹನ್ನೊಂದು ಕೆಂಪು ದಾರ

ಯೂಲಾ ಚಿಮಟದ ತುದಿಯಿಂದ ಹೂವನ್ನು ಮೆಲ್ಲಗೆ ತಟ್ಟಿ, ಉದುರಿದ ಪರಾಗವನ್ನು ಹೆಬ್ಬೆರಳಿನ ಉಗುರಿನ ಮೇಲೆ ಹಿಡಿದುಕೊಂಡಳು. ಬಕೆಟ್ಟಿನಲ್ಲಿದ್ದ ಆ ಮೆಣಸಿನಕಾಯಿ ಗಿಡ ಬೇರು ಕೊಳೆತು ಬಾಡುತ್ತಿತ್ತು. ಅದರಲ್ಲಿ ಉಳಿದಿದ್ದ ಕೊನೆಯ ಹೂವು ಅದು. ಜೇನು ಬರುವ ಮೊದಲು ಕೆಲಸ ಮುಗಿಯಬೇಕು. ಉಸಿರು ಬಿಗಿಹಿಡಿದು ಬೇಲಿ ಪಕ್ಕದ ಇನ್ನೊಂದು ಗಿಡದ ಬಳಿ ಹೋದಳು. ನಿನ್ನೆ ಬೆಳಗ್ಗೆ ಕೇಸರ ಕಿತ್ತು, ಬಟ್ಟೆ ಸುತ್ತಿಟ್ಟಿದ್ದ ಮೊಗ್ಗನ್ನು ಹುಡುಕಿದಳು. ಬಟ್ಟೆ ಇರಲಿಲ್ಲ. ಕಾಯಿಗಳ ತೊಟ್ಟಿಗೆ ಕಟ್ಟಿದ್ದ ಹನ್ನೊಂದು ಕೆಂಪು ದಾರಗಳಲ್ಲಿ ಒಂದೂ ಇರಲಿಲ್ಲ. ಗಿಡದ ಬುಡದ ಸುತ್ತ ಕಲ್ಲುಪ್ಪು ಬೆಳ್ಳಗೆ ಬಿದ್ದಿತ್ತು. ಬಿಗಿಹಿಡಿದ ಉಸಿರು ತಾನಾಗಿ ಹೊರಬಂತು. ಉಗುರಿನ ಮೇಲಿದ್ದ ಪುಡಿ ಹಾರಿಹೋಯಿತು.

ಗಿಡದಲ್ಲಿ ನೂರರ ಹತ್ತಿರ ಹಸಿರು ಕಾಯಿಗಳಿದ್ದವು. ಹನ್ನೊಂದು ಅವಳವು, ಮಿಕ್ಕವೆಲ್ಲ ಜೇನಿನವು. ಒಂದೇ ತಾಯಿಯ ಮಕ್ಕಳು. ಯಾವುದರ ತಂದೆ ಯಾರೆಂದು ಹೇಳಲು ಆ ದಾರವಲ್ಲದೆ ಬೇರೇನೂ ಇರಲಿಲ್ಲ.

"ಮುಟ್ಟಬೇಡ ಅದನ್ನ," ಎಂದಳು ಡೋರ್ಕಾಸ್, ಅಡುಗೆಮನೆಯ ಮೆಟ್ಟಿಲ ಮೇಲಿಂದ. ಅವಳು ಗಂಡನ ಅಕ್ಕ. ತಮ್ಮ ಸಿಲ್ವನ್‌ನ ಆರೈಕೆಗೆಂದು ಅರೀಮಾದಿಂದ ಬಂದು ಒಂದು ವಾರವಾಗಿತ್ತು.

"ದಾರ ಕತ್ತರಿಸಿದ್ದು ಯಾರು, ಅತ್ತಿಗೆ?"

"ನಾನಲ್ಲಮ್ಮ. ನಾನು ಉಪ್ಪು ಹಾಕ್ದೆ, ಕೀರ್ತನೆ ಓದ್ದೆ, ಅಷ್ಟೆ. ಕತ್ತರಿಸಿದ್ದು ಸಿಲ್ವನ್. ನೀನು ನಿನ್ನೆ ಸೊಪ್ಪು ಮಾರೋಕೆ ಹೋಗಿದ್ಯಲ್ಲ, ಆಗ."

"ಅವನು ಎದ್ದು ಬಂದನಾ?"

"ಹನ್ನೊಂದು ತಿಂಗಳಿಂದ ಮಂಚ ಬಿಡದೋನು ಗೋಡೆ ಹಿಡ್ಕೊಂಡು ಬಂದ. ಹನ್ನೊಂದು ತಿಂಗಳು, ಹನ್ನೊಂದು ಗಂಟು. ನಂಗೂ ಎಣಿಸೋಕೆ ಬರುತ್ತೆ ಯೂಲಾ. ಓಬಿಯಾ ಮಾಡೋರು ಎಲ್ಲೋ ಕಾಡಲ್ಲಿರ್ತಾರೆ ಅಂದ್ಕೊಂಡಿದ್ದೆ. ಅಡುಗೆಮನೇಲೇ ಇರ್ತಾರೆ ಅಂತ ಗೊತ್ತಿರಲಿಲ್ಲ."

"ಮಾಟ ಅಲ್ಲ ಅತ್ತಿಗೆ, ಅದು ಗುರುತು. ಯಾವ ಕಾಯಿ ಯಾವುದು ಅಂತ..."

"ಹೌದೌದು. ಕಾಯಿ ಕಳೆದುಹೋಗುತ್ತೆ ಅಂತ ದಾರ ಕಟ್ಟೋರನ್ನ ಈ ಪ್ಯಾರಾಮಿನ್ ಬೆಟ್ಟದಲ್ಲಿ ಇನ್ನೊಬ್ಬರನ್ನ ತೋರಿಸು, ಒಪ್ಕೋತೀನಿ."

ಇನ್ನೊಬ್ಬರು ಇರಲಿಲ್ಲ. ಗಂಟಲಿನ ಕ್ಯಾನ್ಸರಿಗೆ ಕರೆಂಟು ಕೊಡಿಸಿದ ಮೇಲೆ ಸಿಲ್ವನ್‌ನ ಬಾಯಿಯೆಲ್ಲ ಹಸಿ ಗಾಯವಾಗಿತ್ತು. ಕಾಂಗೊ ಎನ್ನುವ ಉರಿಖಾರದ ಮೆಣಸಿನಕಾಯಿಯಿಲ್ಲದೆ ಒಂದು ತುತ್ತೂ ಇಳಿಯದಿದ್ದ ಮನುಷ್ಯ. ಖಾರವಿಲ್ಲದ ಪಿಮೆಂಟೊ ಹಾಕಿಕೊಟ್ಟರೆ "ಇದು ಹುಲ್ಲು" ಎಂದು ತಟ್ಟೆ ತಳ್ಳುತ್ತಿದ್ದ. ಕಾಂಗೊದ ಪರಿಮಳವಿದ್ದು ಉರಿಯಿಲ್ಲದ ಕಾಯಿಗಾಗಿ ಯೂಲಾ ಎರಡೂವರೆ ವರ್ಷದಿಂದ ಆ ಎರಡನ್ನೂ ಕೂಡಿಸುತ್ತಿದ್ದಳು. ಮೊದಲ ಸಲ ಅವನಿಗೆ ಹೇಳಿಯೇ ಮಾಡಿದ್ದಳು. ಬಂದ ಕಾಯಿಯ ಚೂರನ್ನು ಆಸೆಯಿಂದ ಅವನ ನಾಲಿಗೆಗೆ ಮುಟ್ಟಿಸಿದಳು. ಅವನು ಬಾಯಿ ಮುಚ್ಚಲಾಗದೆ ಸಂಜೆಯವರೆಗೆ ಅತ್ತ. ಅಂದಿನಿಂದ ಅವನ ಮುಂದೆ ಆ ಮಾತೆತ್ತಲಿಲ್ಲ. ಈ ವರ್ಷ, ಹಾಗೆ ಕೂಡಿಸಿ ಬೆಳೆಸಿದ ಬಕೆಟ್ಟಿನ ಗಿಡ ಒಂದೇ ಒಂದು ಕಾಯಿ ಬಿಟ್ಟಿತು. ತಾನೇ ಕಚ್ಚಿ ನೋಡಿದಳು. ಪರಿಮಳವಿತ್ತು, ಉರಿಯಿರಲಿಲ್ಲ. ಒಳಗೆ ಬೀಜ ಮಾತ್ರ ಜೊಳ್ಳು. ಗಿಡ ಸಾಯುವ ಮೊದಲು ಅದರ ಪರಾಗವನ್ನು ಬೇಲಿ ಪಕ್ಕದ, ಖಾರವಿಲ್ಲದ ಗಿಡಕ್ಕೆ ದಾಟಿಸಿದ್ದಳು. ಕಾಯಿ ಹಣ್ಣಾಗಲು ಇನ್ನು ಹತ್ತು ದಿನ, ಬೀಜ ಬಿತ್ತಿ ಫಲ ಬರಲು ಐದು ತಿಂಗಳು. ಡಾಕ್ಟರು ಈಸ್ಟರ್‌ವರೆಗೆ ಬದುಕಿಯಾನು ಎಂದಿದ್ದರು. ಕ್ರಿಸ್‌ಮಸ್ ಊಟಕ್ಕೆ ಅವನ ತಟ್ಟೆಯಲ್ಲಿ ಇಡಬಹುದಿತ್ತು. ಈಗ ಒಂದು ಮಳೆ ಬಂದರೆ ಆ ಉಪ್ಪು ಬೇರಿಗೆ ಇಳಿಯುತ್ತದೆ.

ಅವಳು ಒಳಗೆ ಹೋದಳು. ಸಿಲ್ವನ್ ಮಲಗಿರಲಿಲ್ಲ, ದಿಂಬಿಗೆ ಒರಗಿ ಕೂತಿದ್ದ. ವಾರದಿಂದ ತಿಂದದ್ದನ್ನೆಲ್ಲ ಉಗುಳುತ್ತಿದ್ದವನ ಮಡಿಲಲ್ಲಿ ಕುಂಬಳಕಾಯಿ ಸಾರಿನ ಬಟ್ಟಲಿತ್ತು. ಖಾಲಿಯಾಗಿತ್ತು.

"ಬಾ, ಕೂತ್ಕೋ. ಬೈಯಲ್ಲ," ಎಂದ. ದನಿ ಒಡೆದಿದ್ದರೂ ಮಾತು ಕೇಳುತ್ತಿತ್ತು. "ಗಂಟಲು ಹಗುರ ಆಗಿದೆ ಕಣೇ. ಒಂದೊಂದು ದಾರ ಕತ್ತರಿಸಿದಾಗಲೂ ಒಂದೊಂದು ಬೆರಳು ಕತ್ತಿನಿಂದ ಬಿಟ್ಟ ಹಾಗಾಯ್ತು. ಕೊನೇದು ಕತ್ತರಿಸಿದಾಗ ಉಗುಳು ನುಂಗಿದೆ. ನೋವೇ ಇಲ್ಲ."

ಯೂಲಾ ಮಂಚದ ತುದಿಯಲ್ಲಿ ಕೂತಳು.

"ಒಂದೇ ಒಂದು ಕೇಳ್ತೀನಿ. ಇಪ್ಪತ್ತಾರು ವರ್ಷ ಆಯ್ತು. ನಾನು ನಿಂಗೆ ಏನು ಕಡಿಮೆ ಮಾಡಿದ್ದೆ?"

ಉತ್ತರ ಬಾಯಿಗೆ ಬಂದಿತ್ತು. ಹೇಳಿದರೆ ಅವನು ನಂಬುತ್ತಾನೆ, ಅದೇ ಕಷ್ಟ. ತನ್ನ ಕೈಯಾರೆ ಏನು ಕತ್ತರಿಸಿದೆನೆಂದು ತಿಳಿದ ಕ್ಷಣವೇ ಆ ಹನ್ನೊಂದು ಬೆರಳುಗಳು ಮತ್ತೆ ಅವನ ಕತ್ತು ಹಿಡಿಯುತ್ತವೆ. ಅವನಿಗೆ ನಾಲ್ಕು ದಿನ ಊಟ ಇಳಿಯಬೇಕಾದರೆ ಈ ಮನೆಯಲ್ಲಿ ಒಬ್ಬಳು ಮಾಟಗಾತಿ ಇರಬೇಕು. ಇರಲಿ ಎಂದುಕೊಂಡಳು. ಅವನು ಇರುವವರೆಗೂ, ಹೋದ ಮೇಲೂ.

"ಇನ್ನು ಕಟ್ಟೋಲ್ಲ," ಎಂದಳು.

ಅವನು ಬಟ್ಟಲಿನಿಂದ ಮುಖ ಎತ್ತಿದ. ಕಣ್ಣುಗಳು ತುಂಬಿಕೊಂಡವು.

"ಹೋಗ್ಲಿ ಬಿಡು. ಕ್ಷಮಿಸಿದೀನಿ," ಎಂದ. "ಇನ್ನೊಂದು ಸೌಟು ಸಾರು ಕುಡೀಬೇಕು ಅನ್ನಿಸ್ತಿದೆ."

ಅವಳು ಬಟ್ಟಲಿಗೆ ಕೈ ಚಾಚಿದಳು. ಅವನು ಅದನ್ನು ಎದೆಗೆ ಹತ್ತಿರ ಎಳೆದುಕೊಂಡ.

"ನೀನು ಬೇಡ. ಅಕ್ಕಂಗೆ ಹೇಳು, ಅವಳೇ ಬಡಿಸ್ಲಿ."